ತುಂಬೆಯಿಂದ ಲೋಟದವರೆಗೆ: ನಮ್ಮ ನಳ್ಳಿ ನೀರು ಎಷ್ಟು ಸುರಕ್ಷಿತ?

ಮಂಗಳೂರು ನಗರದಲ್ಲಿ ನಳ್ಳಿ ನೀರಿನ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. "ನೇತ್ರಾವತಿಯ ನೀರಲ್ಲವೇ, ಶುದ್ಧ ಮಾಡಿಯೇ ಬಿಡುತ್ತಾರೆ, ಹಾಗೆಯೇ ಕುಡಿಯಬಹುದು" ಎನ್ನುವವರು ಒಂದು ಕಡೆ. "ನಳ್ಳಿ ನೀರು ಬಟ್ಟೆ ಒಗೆಯಲಿಕ್ಕೆ ಮಾತ್ರ, ಕುಡಿಯಲು ಬಾವಿ ನೀರೇ ಆಗಬೇಕು" ಎನ್ನುವವರು ಇನ್ನೊಂದು ಕಡೆ. ಎರಡೂ ಅರ್ಧ ಸತ್ಯಗಳು. ನೀರು ನದಿಯಿಂದ ನಮ್ಮ ಲೋಟಕ್ಕೆ ಬರುವ ದಾರಿಯನ್ನು ತಿಳಿದುಕೊಂಡರೆ ಯಾವ ಹಂತದಲ್ಲಿ ಅಪಾಯವಿದೆ, ನಾವು ಮಾಡಬೇಕಾದುದೇನು ಎಂಬುದು ಸ್ಪಷ್ಟವಾಗುತ್ತದೆ.

ನೀರು ಎಲ್ಲಿಂದ ಬರುತ್ತದೆ?

ನಗರದ ಕುಡಿಯುವ ನೀರಿನ ಮುಖ್ಯ ಆಧಾರ ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಈ ನದಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ ಪೇಟೆಯನ್ನು ದಾಟಿ ತುಂಬೆಗೆ ಬರುತ್ತದೆ. ದಡದಲ್ಲಿರುವ ಊರುಗಳ ಕೊಳಚೆ, ತೋಟಗಳಿಂದ ಹರಿದು ಬರುವ ನೀರು, ಮಳೆಗಾಲದ ಕೆಸರು ಎಲ್ಲವೂ ಅದರ ಜೊತೆಗೆ ಬರುತ್ತವೆ. ಆದ್ದರಿಂದ ನದಿಯ ನೀರು ನೋಡಲು ತಿಳಿಯಾಗಿದ್ದರೂ ಅದನ್ನು ಶುದ್ಧೀಕರಿಸದೆ ಕುಡಿಯುವಂತಿಲ್ಲ.

ಶುದ್ಧೀಕರಣ ಹೇಗೆ ನಡೆಯುತ್ತದೆ?

ನದಿಯಿಂದ ಎತ್ತಿದ ನೀರಿಗೆ ಮೊದಲು ಪಟಿಕ ಬೆರೆಸುತ್ತಾರೆ. ನೀರಿನಲ್ಲಿ ತೇಲುವ ಸಣ್ಣ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ. ನಂತರ ನೀರನ್ನು ಮರಳಿನ ಪದರಗಳ ಮೂಲಕ ಸೋಸಲಾಗುತ್ತದೆ. ಕೊನೆಯದಾಗಿ ಕ್ಲೋರಿನ್ ಸೇರಿಸಲಾಗುತ್ತದೆ.

ಈ ಕ್ರಮಕ್ಕೆ ಕಾರಣವಿದೆ. ಕೆಸರು ನೀರಿಗೆ ಎಷ್ಟು ಕ್ಲೋರಿನ್ ಹಾಕಿದರೂ ಅದು ಕೆಸರಿನಲ್ಲಿಯೇ ಖರ್ಚಾಗಿ ಹೋಗುತ್ತದೆ, ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಕೊಳ್ಳುತ್ತವೆ. ತಿಳಿಯಾದ ನೀರಿನಲ್ಲಿ ಕ್ಲೋರಿನ್‌ಗೆ ಕನಿಷ್ಠ ಅರ್ಧ ಗಂಟೆ ಸಮಯ ಕೊಟ್ಟರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ.

ಕ್ಲೋರಿನ್‌ಗೆ ಇನ್ನೊಂದು ಗುಣವಿದೆ. ಅದು ಸ್ವಲ್ಪ ಪ್ರಮಾಣದಲ್ಲಿ ನೀರಿನಲ್ಲಿಯೇ ಉಳಿದು ಕೊಳವೆಯ ಉದ್ದಕ್ಕೂ ಕಾವಲು ಕಾಯುತ್ತದೆ. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಮಲದಿಂದ ಬರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು. ನಳ್ಳಿ ನೀರಿಗೆ ಸ್ವಲ್ಪ ಕ್ಲೋರಿನ್ ವಾಸನೆ ಬಂದರೆ ಅನೇಕರು ಮೂಗು ಮುರಿಯುತ್ತಾರೆ. ನಿಜವಾಗಿ ಆ ಮಂದ ವಾಸನೆ ಕಾವಲುಗಾರ ಎಚ್ಚರವಾಗಿದ್ದಾನೆ ಎಂಬುದರ ಗುರುತು. ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಅದು ಹೋಗುತ್ತದೆ.

ಆದರೆ ಕ್ಲೋರಿನ್ ಒಂದೇ ಎಲ್ಲವನ್ನೂ ಕಾಯಲಾರದು. 1955ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್‌ನಲ್ಲಿ ನಜಫ್‌ಗಢ ಚರಂಡಿಯ ಕೊಳಚೆ ಯಮುನಾ ನದಿಯಿಂದ ನೀರೆತ್ತುವ ಸ್ಥಳಕ್ಕೇ ನುಗ್ಗಿತು. ಅಧಿಕಾರಿಗಳು ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದರು. ಟೈಫಾಯ್ಡ್ ಹೆಚ್ಚಲಿಲ್ಲ. ಆದರೆ ಕೆಲವು ವಾರಗಳ ನಂತರ ಸುಮಾರು 29,000 ಮಂದಿಗೆ ಕಾಮಾಲೆ ತಗಲಿತು. ಅದು ಗರ್ಭಿಣಿಯರಿಗೆ ಪ್ರಾಣಾಪಾಯ ತರಬಲ್ಲ ಹೆಪಟೈಟಿಸ್ ಇ ಎಂದು ಬಹಳ ವರ್ಷಗಳ ನಂತರ ತಿಳಿಯಿತು. ಬ್ಯಾಕ್ಟೀರಿಯಾ ಸತ್ತರೂ ವೈರಸ್ ಉಳಿಯಬಹುದು ಎಂಬುದು ಅಂದು ಕಲಿತ ಪಾಠ. ನದಿಯನ್ನು ಮೇಲ್ಭಾಗದಲ್ಲಿಯೇ ಸ್ವಚ್ಛವಾಗಿಡುವುದಕ್ಕೆ ಬದಲಿ ಇಲ್ಲ.

ನಿಜವಾದ ಅಪಾಯ ದಾರಿಯಲ್ಲಿ

ಶುದ್ಧೀಕರಣ ಘಟಕದಿಂದ ಹೊರಟ ನೀರು ಚೆನ್ನಾಗಿದ್ದರೂ ಮನೆ ತಲುಪುವಾಗ ಕೆಡಬಹುದು. ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಎಲ್ಲಾದರೂ ಬಿರುಕು ಇದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನ ಕೊಳಕು ಒಳಗೆ ಬರುವುದಿಲ್ಲ. ಪೂರೈಕೆ ನಿಲ್ಲಿಸಿದಾಗ ಕೊಳವೆ ಖಾಲಿಯಾಗುತ್ತದೆ. ಆಗ ಅದೇ ಬಿರುಕಿನ ಮೂಲಕ ಪಕ್ಕದ ಚರಂಡಿಯ ನೀರು ಒಳಗೆ ಸೇರುತ್ತದೆ. ಮರುದಿನ ನಳ್ಳಿ ತಿರುಗಿಸಿದಾಗ ಮೊದಲು ಬರುವುದು ಆ ನೀರೇ.

ಇದು ಬರೀ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು, ಉಳಿದ ವಾರ್ಡುಗಳಿಗೆ ಕೆಲವು ದಿನಗಳಿಗೊಮ್ಮೆ ನೀರು ಬರುತ್ತಿದ್ದಾಗ ಸಂಶೋಧಕರು ಎರಡೂ ಕಡೆ ನಳ್ಳಿ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಸುಮಾರು ಶೇಕಡಾ 32ರಷ್ಟು ಮಾದರಿಗಳಲ್ಲಿ ಇ-ಕೋಲಿ ಸಿಕ್ಕಿತು. ದಿನವಿಡೀ ನೀರು ಬರುವ ಕಡೆ ಅದು ಶೇಕಡಾ 1ಕ್ಕಿಂತಲೂ ಕಡಿಮೆ.

ಮಂಗಳೂರಿಗೆ ಈ ಪಾಠ ಬೇಸಗೆಯಲ್ಲಿ ಹೆಚ್ಚು ಅನ್ವಯಿಸುತ್ತದೆ. 2016, 2019 ಮತ್ತು 2023ರ ಬೇಸಗೆಗಳಲ್ಲಿ ತುಂಬೆಯಲ್ಲಿ ನೀರು ಇಳಿದು ನಗರದಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ನೀರಿನ ಕೊರತೆ ಬಂದಾಗ ಪ್ರಮಾಣ ಮಾತ್ರವಲ್ಲ, ಗುಣಮಟ್ಟವೂ ಕುಸಿಯುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಇಲ್ಲಿ ನಾಗರಿಕರ ಪಾತ್ರವೂ ಇದೆ. ನಳ್ಳಿ ಕೊಳವೆಗೇ ನೇರವಾಗಿ ಪಂಪು ಜೋಡಿಸಿ ನೀರು ಎಳೆಯುವವರಿದ್ದಾರೆ. ಇದರಿಂದ ಪಕ್ಕದ ಮನೆಯವರಿಗೆ ನೀರು ತಪ್ಪುವುದಲ್ಲದೆ, ಪಂಪಿನ ಎಳೆತಕ್ಕೆ ಬಿರುಕುಗಳಿಂದ ಕೊಳಕು ನೀರೂ ಕೊಳವೆಯೊಳಗೆ ಬರುತ್ತದೆ. ಒಬ್ಬರ ಅವಸರಕ್ಕೆ ಇಡೀ ಬೀದಿ ಕಾಯಿಲೆ ಬೀಳಬಹುದು.

ಹಾಗಾದರೆ ಬಾವಿ ನೀರೇ ಮೇಲೋ?

ಕರಾವಳಿಯ ಮುರಕಲ್ಲಿನ ನೆಲದಲ್ಲಿ ರಂಧ್ರಗಳು ಹೆಚ್ಚು. ಮಳೆನೀರು ಬೇಗ ಇಂಗುವಂತೆಯೇ ಶೌಚಾಲಯದ ಗುಂಡಿಯ ನೀರೂ ಬೇಗ ಹರಿದು ಬಾವಿ ಸೇರುತ್ತದೆ. ಹಿಂದೆ ಒಂದು ಹಿತ್ತಿಲಿಗೆ ಒಂದು ಮನೆ, ಒಂದು ಬಾವಿ ಇತ್ತು. ಇಂದು ಐದು ಸೆಂಟ್ಸ್ ಜಾಗದಲ್ಲಿಯೇ ಮನೆ, ಬಾವಿ, ಶೌಚದ ಗುಂಡಿ ಮೂರೂ ಇರುತ್ತವೆ. ಅಜ್ಜನ ಕಾಲದಲ್ಲಿ ಒಳ್ಳೆಯದಿದ್ದ ಬಾವಿ ಇಂದೂ ಒಳ್ಳೆಯದೇ ಇರಬೇಕೆಂದಿಲ್ಲ. ಬಾವಿಗೆ ಕ್ಲೋರಿನ್‌ನ ಕಾವಲೂ ಇಲ್ಲ. ರುಚಿಯಾಗಿದೆ, ತಣ್ಣಗಿದೆ ಎಂಬುದು ಶುದ್ಧತೆಗೆ ಪ್ರಮಾಣವಲ್ಲ.

ಮನೆಯಲ್ಲಿ ಏನು ಮಾಡಬಹುದು?

* ನೀರು ಬಿಟ್ಟ ಕೂಡಲೇ ಬರುವ ಮೊದಲ ನೀರನ್ನು ಕುಡಿಯಲು ಹಿಡಿಯಬೇಡಿ. ಅದನ್ನು ಬೇರೆ ಬಕೆಟಿನಲ್ಲಿ ಹಿಡಿದು ಗಿಡಗಳಿಗೆ ಹಾಕಿ.

* ಕುಡಿಯುವ ನೀರನ್ನು ಚೆನ್ನಾಗಿ ಗುಳ್ಳೆ ಬರುವಂತೆ ಕನಿಷ್ಠ ಒಂದು ನಿಮಿಷ ಕುದಿಸಿ. ಕುದಿಸಿದರೆ ಬ್ಯಾಕ್ಟೀರಿಯಾಗಳ ಜೊತೆಗೆ ಕಾಮಾಲೆಯ ವೈರಸ್ ಕೂಡ ಸಾಯುತ್ತದೆ. ಬೆಚ್ಚಗಿನ ನೀರು ಕುದಿಸಿದ ನೀರಲ್ಲ.

* ಕುದಿಸಿದ ನೀರಿಗೆ ಬೇಗ ಆರಲೆಂದು ತಣ್ಣೀರು ಬೆರೆಸಿದರೆ ಕುದಿಸಿದ್ದು ವ್ಯರ್ಥ. ಮದುವೆ, ಸಮಾರಂಭಗಳಲ್ಲಿ ಜೀರಿಗೆ ನೀರಿನ ಹೆಸರಿನಲ್ಲಿ ಹೀಗೆ ಆಗದಂತೆ ನೋಡಿಕೊಳ್ಳಿ.

* ನೆಲದಡಿಯ ಸಂಪು ಮತ್ತು ಮಾಡಿನ ಮೇಲಿನ ಟಾಂಕಿಯನ್ನು ವರ್ಷಕ್ಕೆ ಎರಡು ಸಲವಾದರೂ ತೊಳೆಯಿರಿ. ಸಂಪಿನ ಬಾಯಿ ನೆಲಕ್ಕಿಂತ ಎತ್ತರವಿರಲಿ, ಮುಚ್ಚಳ ಬಿಗಿಯಾಗಿರಲಿ.

* ತುರ್ತು ಸಂದರ್ಭದಲ್ಲಿ 1,000 ಲೀಟರ್ ತಿಳಿ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಅದನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೆರೆಸಿ. ಒಂದು ಗಂಟೆಯ ನಂತರ ನೀರನ್ನು ಬಳಸಬಹುದು.

* ಬಾವಿ ನೀರನ್ನು ಮಳೆಗಾಲ ಶುರುವಾದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ಮಲಿನ ನೀರನ್ನು ತುಂಬಿಸಿದಾಗ ಕಪ್ಪಾಗುವ ಸಣ್ಣ ಪರೀಕ್ಷಾ ಬಾಟಲಿಗಳೂ ಸಿಗುತ್ತವೆ.

ದುಬಾರಿ ಯಂತ್ರ ಬೇಕೇ?

ಆರ್‌ಓ ಯಂತ್ರದ ಮುಖ್ಯ ಕೆಲಸ ನೀರಿನಲ್ಲಿ ಕರಗಿದ ಲವಣಗಳನ್ನು ತೆಗೆಯುವುದು. ಉಪ್ಪುನೀರು ನುಗ್ಗಿದ ಬಾವಿಗಳಿಗೆ ಅದು ಉಪಯುಕ್ತ. ನೇತ್ರಾವತಿಯಂತಹ ಮಳೆನದಿಯ ನೀರಿನಲ್ಲಿ ಲವಣ ಹೇಗೂ ಕಡಿಮೆ. ಅಲ್ಲಿ ಆರ್‌ಓ ಬಳಸಿದರೆ ಇದ್ದ ಸ್ವಲ್ಪ ಖನಿಜಾಂಶವೂ ಹೋಗುತ್ತದೆ, ಒಂದಷ್ಟು ಒಳ್ಳೆಯ ನೀರು ಚರಂಡಿಗೆ ಹರಿಯುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿದ್ದು ಇದೇ ಕಾರಣಕ್ಕೆ. ನಮ್ಮ ನಳ್ಳಿ ನೀರಿಗೆ ಸೋಸುವ ಬಟ್ಟೆ ಅಥವಾ ಸಾದಾ ಫಿಲ್ಟರ್ ಮತ್ತು ಒಲೆಯ ಮೇಲಿನ ಒಂದು ಪಾತ್ರೆ ಸಾಕು.

ಯಂತ್ರ ಕೊಳ್ಳಲು ಶಕ್ತಿಯಿರುವವರು ಹೇಗಾದರೂ ಒಳ್ಳೆಯ ನೀರು ಕುಡಿಯುತ್ತಾರೆ. ಬಾಡಿಗೆ ಮನೆಯಲ್ಲಿ ಒಂದೇ ನಳ್ಳಿಯನ್ನು ಹಂಚಿಕೊಂಡು, ಗ್ಯಾಸ್ ಉಳಿಸಲು ನೀರು ಕುದಿಸದೆ ಕುಡಿಯುವ ಕುಟುಂಬಗಳಿಗೆ ಕೊಳವೆಯಲ್ಲಿ ಬರುವ ನೀರೇ ಗತಿ. ಆದ್ದರಿಂದ ನಿಮ್ಮ ಬೀದಿಯಲ್ಲಿ ಕೊಳವೆ ಸೋರುತ್ತಿದ್ದರೆ, ನೀರು ಕೆಂಪಾಗಿ ಅಥವಾ ದುರ್ವಾಸನೆಯಿಂದ ಬಂದರೆ, ಅಕ್ಕಪಕ್ಕದ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ಕಾಮಾಲೆ ಅಥವಾ ವಾಂತಿಭೇದಿ ಕಾಣಿಸಿಕೊಂಡರೆ ಕೂಡಲೇ ಪಾಲಿಕೆಗೂ ಆರೋಗ್ಯ ಇಲಾಖೆಗೂ ತಿಳಿಸಿ. ಮನೆಯಲ್ಲಿ ಫಿಲ್ಟರ್ ಇದೆಯೆಂದು ಸುಮ್ಮನಿರಬೇಡಿ. ನೀವು ಮಾಡುವ ಒಂದು ದೂರವಾಣಿ ಕರೆ ನಿಮಗೆ ಪರಿಚಯವೇ ಇಲ್ಲದ ಒಂದು ಮಗುವನ್ನು ಆಸ್ಪತ್ರೆಯಿಂದ ದೂರವಿಡಬಹುದು.