ಕೊಲ್ಲಿಯಲ್ಲಿ ನಮ್ಮ ರೂಪಾಯಿ

ವಾಚಕರೇ, ನಮ್ಮ ಎಲ್ಲೂರಿನ ಮನೆಗಳಿಗೆ ಇಂದು ದುಬಾಯಿಯ ದಿರಮು, ಕತಾರಿನ ರಿಯಾಲು ಬರುವುದುಂಟು. ಒಂದು ಕಾಲಕ್ಕೆ ಆ ಪೇಟೆಗಳಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ ಎಂಬುದನ್ನು ಬಲ್ಲಿರಾ?

ಹಲವು ನಾಡುಗಳಿಗೆ ನಾಣ್ಯವೊಂದೇ ಆದರೆ ವರ್ತಕನಿಗೆ ಬಲು ಅನುಕೂಲ. ಮುಂಬಯಿಯಲ್ಲೂ ಬಹರೈನಿನಲ್ಲೂ ಒಂದೇ ಲೆಕ್ಕ, ವಟ್ಟದ ಕಾಟವಿಲ್ಲ. ಆದರೆ ಅಲ್ಲಿನ ಅಗ್ಗದ ಚಿನ್ನ ಕಳ್ಳದಾರಿಯಿಂದ ಇಲ್ಲಿಗೆ ಬಂದು, ಇಲ್ಲಿನ ನೋಟು ಅಲ್ಲಿಗೆ ಹೋಯಿತು. ಆ ನೋಟುಗಳನ್ನು ಮರಳಿ ಪಡೆದು ಪೌಂಡು ತೆರುವ ಹೊರೆ ನಮ್ಮ ರಿಸರ್ವ್ ಬ್ಯಾಂಕಿನದು! ಅದಕ್ಕೆಂದೇ 1959ರಲ್ಲಿ ಕೊಲ್ಲಿಗೆ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿದರು. ಭಾರತದೊಳಗೆ ಅವು ಸಲ್ಲುತ್ತಿರಲಿಲ್ಲ.

ಕುವೈತು 1961ರಲ್ಲಿ, ಬಹರೈನು 1965ರಲ್ಲಿ ಸ್ವಂತ ದಿನಾರು ಮಾಡಿಕೊಂಡವು. ಉಳಿದವರಿಗೆ ಪೆಟ್ಟು ಬಿದ್ದುದು 1966ರ ಜೂನ್ 6ರಂದು. ಡಾಲರಿಗೆ 4.76 ರೂಪಾಯಿ ಇದ್ದ ದರ 7.50 ಆಯಿತು. ಬರಗಾಲ ನಮ್ಮದು, ಸಾಲ ನಮ್ಮದು, ನಿರ್ಧಾರ ದಿಲ್ಲಿಯದು. ಕತಾರಿನ ಅಂಗಡಿಯವನನ್ನು ಕೇಳಿದವರಿಲ್ಲ. ಆದರೂ ಅವನ ಪೆಟ್ಟಿಗೆಯ ಹಣದ ಬೆಲೆ ಬೆಳಗಾಗುವಷ್ಟರಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಕರಗಿತು.

ಅಷ್ಟಾದರೂ ಹಂಚಿಕೊಂಡ ನಾಣ್ಯದ ಆಸೆ ಅವರಿಗೆ ಬಿಡಲಿಲ್ಲವೆಂಬುದೇ ಸೋಜಿಗ. ಅದೇ ವರ್ಷ ಕತಾರು, ದುಬಾಯಿಗಳು ಕೂಡಿ ಒಂದು ರಿಯಾಲನ್ನು ಹೊರಡಿಸಿದವು. ಈ ಬಾರಿ ಅದರ ಮಂಡಳಿ ಮಾತ್ರ ಅವರಿಬ್ಬರದೇ.