ಲೆಕ್ಕಪತ್ರದ ಗಣಕಯಂತ್ರಕ್ಕೆ ಭದ್ರ ಬುನಾದಿ

ವರ್ತಕರ ಲೆಕ್ಕಪತ್ರಗಳು ಗಣಕಯಂತ್ರವನ್ನು ಸೇರಿ ವರ್ಷಗಳೇ ಕಳೆದಿವೆ. ಆದರೆ ತಿಜೋರಿಗೆ ಸಲ್ಲುವ ಎಚ್ಚರಿಕೆ ಆ ಯಂತ್ರದ ಕಾರ್ಯಾಚರಣಾ ವ್ಯವಸ್ಥೆಗೆ ಇನ್ನೂ ಸಲ್ಲುತ್ತಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಭದ್ರತಾ ಪರಿಷ್ಕರಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ ತಿಂಗಳ ವಾನ್ನಾಕ್ರೈ ದಾಳಿಯೇ ನಿದರ್ಶನ. ಬೆಂಬಲವಿದ್ದ ಆವೃತ್ತಿಗಳಿಗೆ ಪರಿಷ್ಕರಣೆಯು ಮಾರ್ಚ್‌ನಲ್ಲಿಯೇ ಲಭ್ಯವಿತ್ತು; ಅದನ್ನು ಅಳವಡಿಸದ ಅಸಂಖ್ಯ ಯಂತ್ರಗಳ ಕಡತಗಳಿಗೆ ಬೀಗ ಬಿದ್ದು, ಬಿಡುಗಡೆಗೆ ಹಣದ ಬೇಡಿಕೆ ಬಂದಿತು.

ಹೊಸ ವ್ಯವಸ್ಥೆಯನ್ನು ಅಳವಡಿಸುವ ಮುನ್ನ ಲೆಕ್ಕದ ದತ್ತಾಂಶವನ್ನು ಪ್ರತ್ಯೇಕ ಡ್ರೈವ್‌ಗೆ ನಕಲಿಸಿ, ಆ ಪ್ರತಿಯು ಮತ್ತೊಂದು ಯಂತ್ರದಲ್ಲಿ ತೆರೆಯುವುದೇ ಎಂದು ಪರೀಕ್ಷಿಸಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮೃತಿ ಹಾಗೂ ಟಿಪಿಎಂ 2.0 ಚಿಪ್ ಅಗತ್ಯ. ತಂತ್ರಾಂಶವನ್ನು ತಯಾರಕರಿಂದಲೇ ಪಡೆದು, ಪರವಾನಗಿಯನ್ನು ಸಂಸ್ಥೆಯ ಹೆಸರಿನಲ್ಲಿಯೇ ಇರಿಸಿಕೊಳ್ಳುವುದು ಲೇಸು.

ಅಳವಡಿಕೆಯ ಬಳಿಕ ಅಡ್ಮಿನಿಸ್ಟ್ರೇಟರ್ ಅಧಿಕಾರವು ಮಾಲೀಕರ ಬಳಿಯೇ ಇರಬೇಕು. ಗುಮಾಸ್ತರಿಗೆ ತಲಾ ಒಂದು ಸಾಮಾನ್ಯ ಬಳಕೆದಾರ ಖಾತೆ ಹಾಗೂ ಗುಪ್ತಪದ ಸಾಕು. ನಗದು ಪೆಟ್ಟಿಗೆಯ ಕೀಲಿಯನ್ನು ಎಲ್ಲರಿಗೂ ಕೊಡದಿರುವ ನೀತಿಯೇ ಇದು. ಫೈರ್‌ವಾಲ್ ಮತ್ತು ಸ್ವಯಂಚಾಲಿತ ಪರಿಷ್ಕರಣೆ ಸದಾ ಚಾಲನೆಯಲ್ಲಿರಬೇಕು. ಪ್ರೊ ಆವೃತ್ತಿಯ ಬಿಟ್‌ಲಾಕರ್ ಬಳಸುವವರು ಅದರ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ತಿಜೋರಿಯಲ್ಲಿಡತಕ್ಕದ್ದು. ಪ್ರತಿದಿನದ ನಕಲು ಮುಗಿದೊಡನೆ ಡ್ರೈವ್ ಅನ್ನು ಯಂತ್ರದಿಂದ ಬೇರ್ಪಡಿಸಬೇಕು. ಜೋಡಿಸಿದ್ದರೆ ಅದಕ್ಕೂ ಬೀಗ ಬಿದ್ದೀತು.

ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕೆಂಬುದು ಜಿಎಸ್‌ಟಿ ಕಾನೂನಿನ ವಿಧಿ. ಅಷ್ಟು ಕಾಲ ಕಾಯಬೇಕಾದ ದಾಖಲೆಗೆ ಒಂದು ದಿನದ ಈ ಶ್ರಮ ದುಬಾರಿಯೇನಲ್ಲ.