ಮಂಜರಾಬಾದಿನ ಕಾಫಿ: ತೋಟಗಾರರೂ ಸರಕಿನ ಹೆಸರೂ

ಬೆಳೆ ಒಂದು ನೆಲದ್ದಾದರೂ ಪೇಟೆಯಲ್ಲಿ ಅದು ಬೇರೊಂದು ಹೆಸರಿನಿಂದ ಮಾರಾಟವಾಗುವುದುಂಟು. ಇದಕ್ಕೆ ಸಕಲೇಶಪುರ, ಆಲೂರು ಸೀಮೆಯ ಕಾಫಿಯು ಉತ್ತಮ ನಿದರ್ಶನ. ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದೆಂಬ ಹೆಸರಿತ್ತು; ಕಾಫಿ ಮಂಡಲಿಯು ಈ ಕಾಫಿ ಪ್ರದೇಶವನ್ನು ಇಂದಿಗೂ ಅದೇ ಹೆಸರಿನಿಂದ ಗುರುತಿಸುತ್ತದೆ.

ಮೈಸೂರು ಸೀಮೆಯಲ್ಲಿ ಐರೋಪ್ಯರ ಕಾಫಿ ತೋಟಗಳು ಸುಮಾರು 1830ರಲ್ಲಿ, ಚಿಕ್ಕಮಗಳೂರಿನ ಕಡೆ, ಕ್ಯಾನನ್ ಎಂಬಾತನಿಂದ ಮೊದಲಾದುವು. ಮಂಜರಾಬಾದಿನಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನನು ತೋಟವಿಟ್ಟನು. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟನು 1871 ಮತ್ತು 1894ರಲ್ಲಿ ಪ್ರಕಟಿಸಿದ ಗ್ರಂಥಗಳು ಈ ಚರಿತ್ರೆಗೆ ಮುಖ್ಯ ಆಧಾರಗಳಾಗಿವೆ. ಆದರೆ ಇವರು ಬರುವ ಮೊದಲೇ ಮಲೆನಾಡಿನ ರೈತರು ಹಿತ್ತಿಲಲ್ಲಿ ಕಾಫಿ ಬೆಳೆಯುತ್ತಿದ್ದರೆಂಬುದನ್ನು ಮರೆಯಲಾಗದು.

ತೋಟದಲ್ಲಿ ಹಣ್ಣನ್ನು ಕುಯ್ದು, ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸುತ್ತಿದ್ದರು. ಬಳಿಕ ಸರಕು ಗಾಡಿಗಳಲ್ಲಿ ಘಟ್ಟವಿಳಿದು ಮಂಗಳೂರನ್ನು ಸೇರುತ್ತಿತ್ತು. ಅಲ್ಲಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಹೊಟ್ಟು ತೆಗೆದು, ಗಾತ್ರಕ್ಕನುಸಾರವಾಗಿ ವಿಂಗಡಿಸಿ, ಲಂಡನ್ನಿಗೆ ಕಳುಹುತ್ತಿದ್ದರು. ಅಲ್ಲಿಯ ದಳ್ಳಾಳಿಗಳಿಗೆ ಇದು ಒಟ್ಟಿನಲ್ಲಿ ‘ಮೈಸೂರು ಕಾಫಿ’. ಮಂಜರಾಬಾದಿನ ಹೆಸರು ಕುಡಿಯುವವನವರೆಗೆ ಮುಟ್ಟಲಿಲ್ಲ.

ಆ ಹೆಸರಿನ ಬೆಲೆ ಎಷ್ಟೆಂಬುದು ಸಂಕಟಕಾಲದಲ್ಲಿ ತಿಳಿಯಿತು. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನಿಂದ ‘ಚಿಕ್ಕ್’ ಎಂಬ ಹಳೆಯ ತಳಿ ಹಾಳಾಯಿತು. ತೋಟಗಾರರು ಕೊಡಗಿನ ಬೀಜ ತಂದು ನೆಟ್ಟರು. ಹೊಸ ಫಸಲಿಗೆ ಹಿಂದಿನ ಮೈಸೂರು ಕಾಫಿಯ ಧಾರಣೆ ಮೊದಲು ದೊರೆಯಲಿಲ್ಲ. ಗಿಡಗಳು ಬಲಿತಂತೆಲ್ಲ ಕಾಳು ಹಳೆಯ ತಳಿಯದನ್ನು ಹೋಲತೊಡಗಿತೆಂದು ಎಲಿಯಟ್ ತಿಳಿಸುತ್ತಾನೆ. ಇದರಿಂದ ನಾವು ಗ್ರಹಿಸತಕ್ಕದ್ದು, ಹೆಸರಿನ ಹಿಂದೆ ಬೀಜ ಮಾತ್ರವಲ್ಲದೆ ಈ ನೆಲ, ಮಳೆ, ಅತ್ತಿ ಬಸರಿ ಗೋಣಿ ಮರಗಳ ನೆರಳೂ ಇದ್ದುವೆಂಬುದನ್ನು.

1942ರ ಕಾಫಿ ಕಾಯಿದೆಯ ಕಾಲದಲ್ಲಿ ಬೆಳೆಗಾರರು ಫಸಲನ್ನು ಮಂಡಲಿಯ ಸಮುಚ್ಚಯಕ್ಕೆ, ಎಂದರೆ ‘ಪೂಲಿ’ಗೆ, ಒಪ್ಪಿಸಬೇಕಾಯಿತು. ಯುದ್ಧದಿಂದ ಯೂರೋಪಿನ ಪೇಟೆ ಮುಚ್ಚಿದ್ದಾಗ ಈ ವ್ಯವಸ್ಥೆ ಬೆಳೆಗಾರರಿಗೆ ಆಸರೆಯಾಯಿತು; ಆದರೆ ದರ್ಜೆಯಷ್ಟೇ ಉಳಿದು ತೋಟದ ಗುರುತು ರಾಶಿಯಲ್ಲಿ ಕರಗಿತು. 1992ರಿಂದ 1996ರೊಳಗೆ ಹಂತಹಂತವಾಗಿ ಮುಕ್ತ ಮಾರಾಟ ಬಂದು, ಸ್ವಂತ ಹೆಸರಿನಲ್ಲಿ ಮಾರುವ ಅವಕಾಶ ಮರಳಿತು. ಅದರೊಡನೆ ಧಾರಣೆಯ ಏರಿಳಿತದ ಹೊರೆಯೂ ಬೆಳೆಗಾರನ ಮೇಲೆಯೇ ಬಿದ್ದಿತು.

2019ರಲ್ಲಿ ಭಾರತದ ಐದು ಕಾಫಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಹೆಸರುಗಳು ಆ ಐದರಲ್ಲಿದ್ದುವು, ಮಂಜರಾಬಾದಿನದು ಇರಲಿಲ್ಲ. ದೊಡ್ಡ ತೋಟದವನು ತನ್ನ ಹೆಸರನ್ನು ತಾನೇ ಪೇಟೆಗೆ ಒಯ್ಯಬಲ್ಲನು. ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಅದು ಸಾಧ್ಯವಿಲ್ಲ. ಅವನಿಗೆ ಸಲ್ಲಬಹುದಾದ ಹೆಸರು ಊರಿನದೊಂದೇ. ಆದಕಾರಣ ಸ್ಥಳನಾಮದ ಪ್ರಶ್ನೆಯು ಕೇವಲ ಅಭಿಮಾನದ್ದಲ್ಲ, ಜೀವನೋಪಾಯದ್ದು.